ಹಳೇನಗರದ ಖಾಲಿ ಬೀದಿ

ಪರಮೇಶ ಅಮ್ಮನಿಗೆ ಹೇಳಿದ್ದು ಒಂದೇ ಒಂದು ಸುಳ್ಳು. ಇಸ್ರೇಲಿನ ಗಡಿಯ ಬಳಿ ದಪ್ಪ ಮೆಣಸಿನಕಾಯಿ ತೋಟದಲ್ಲಿ ಕೂಲಿಗಿದ್ದ ಅವನು ಫೋನಿನಲ್ಲಿ ಮಾತಾಡುತ್ತಿದ್ದಾಗ ದೂರದಲ್ಲಿ ಬಾಂಬು ಬಿತ್ತು. ಅದೇನು ಸದ್ದು ಎಂದು ಈಶ್ವರಮ್ಮ ಕೇಳಿದಾಗ, ಪಕ್ಕದೂರಲ್ಲಿ ಮದುವೆ, ಪಟಾಕಿ ಹೊಡೀತಿದಾರೆ ಅಂದುಬಿಟ್ಟ.

ಆ ಪಕ್ಕದೂರಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಯುದ್ಧಕ್ಕೆ ಹೆದರಿ ಜನ ಊರು ಬಿಟ್ಟು ತಿಂಗಳುಗಳಾಗಿದ್ದವು. ತಂತಿಯ ಮೇಲೆ ಒಣಹಾಕಿದ ಬಟ್ಟೆಗಳು ಹಾಗೇ ಇದ್ದವು. ಬೆಳಿಗ್ಗೆ ಆ ಬೀದಿಯಲ್ಲಿ ಕೆಲಸಕ್ಕೆ ನಡೆಯುವಾಗ ಕೂಲಿ ಹುಡುಗರು ಯಾರೂ ಮಾತಾಡುತ್ತಿರಲಿಲ್ಲ.

ಒಂದು ದಿನ ಪರಮೇಶ ಕಾಯಿ ಬಿಡಿಸುತ್ತಿದ್ದ ಸಾಲಿಗೇ ಏನೋ ಬಂದು ಬಿತ್ತು. ಸಿಡಿಯಲಿಲ್ಲ. ಅವನು ಅದನ್ನು ಒಂದು ನಿಮಿಷ ನೋಡಿದ, ಬುಟ್ಟಿ ಕೆಳಗಿಟ್ಟ, ಮನೆಗೂ ಹೇಳದೆ ಊರಿಗೆ ಹೊರಟ.

ಬೆಂಗಳೂರಿನಿಂದ ಬಂದ ಬಸ್ಸಿನಲ್ಲಿ ಹೆಣದಂತೆ ಮಲಗಿದವನಿಗೆ ಇಳಿಯಬೇಕಿದ್ದ ಭದ್ರಾವತಿ ದಾಟಿದ್ದೇ ತಿಳಿಯದೆ ಶಿವಮೊಗ್ಗದಲ್ಲಿ ಎಚ್ಚರವಾಯಿತು. ತನ್ನನ್ನೇ ಬೈದುಕೊಳ್ಳುತ್ತ ವಾಪಸ್ ಬಸ್ಸು ಹತ್ತಿ ಹಳೇನಗರದ ಮನೆ ಮುಟ್ಟಿದಾಗ ಬೆಳಿಗ್ಗೆ ಹನ್ನೊಂದು ಗಂಟೆ.

ಬೀದಿಯಲ್ಲಿ ಒಬ್ಬರೂ ಇಲ್ಲ. ಸಾಲು ಮನೆಗಳಿಗೆಲ್ಲ ಬೀಗ. ಹಲ್ಲಿಯ ಹಾಗೆ ಸದಾ ಕಿಟಕಿಗೆ ಅಂಟಿಕೊಂಡಿರುವ ಪಕ್ಕದ ಮನೆಯ ವಿಮಲಕ್ಕನೂ ಇಲ್ಲ. ನಲ್ಲಿಯೊಂದು ತನ್ನಷ್ಟಕ್ಕೇ ಸುರಿಯುತ್ತಿತ್ತು. ತಂತಿಯ ಮೇಲೆ ಬಟ್ಟೆ. ತೋಟದಲ್ಲಿ ಬಿದ್ದದ್ದು ನಿಜಕ್ಕೂ ಸಿಡಿದು ತಾನು ಸತ್ತೇ ಹೋದೆನೇನೋ ಎನಿಸಿ ಪರಮೇಶ ತೊಡೆ ಚಿವುಟಿಕೊಂಡ. ನೋವಾಯಿತು. ಆದರೂ ಪೂರ್ತಿ ನಂಬಿಕೆ ಬರಲಿಲ್ಲ.

ಕೊನೆಯ ಮನೆಯ ಜಗುಲಿಯಲ್ಲಿ ಮುದುಕ ಜಟ್ಟಪ್ಪ ಕೂತಿದ್ದ. ಪೊರೆ ಬಂದ ಕಣ್ಣು ಪರಮೇಶನನ್ನು ದಾಟಿ ಎಲ್ಲೋ ನೋಡುತ್ತಿತ್ತು. ಜನ ಎಲ್ಲಿ ಎಂದು ಪರಮೇಶ ಕೇಳಿದ.

"ಹುಡುಗ್ರನ್ನ ಕಳ್ಸಕ್ಕೆ ಹೋಗಿದಾರೆ. ಇನ್ನು ಈ ಬೀದೀಲಿ ಹುಡುಗ್ರೇ ಇಲ್ಲ" ಅಂದ ಜಟ್ಟಪ್ಪ.

ಎಲ್ಲಿಗೆ ಎಂದು ಕೇಳುವ ಧೈರ್ಯ ಪರಮೇಶನಿಗೆ ಬರಲಿಲ್ಲ.

ಮಧ್ಯಾಹ್ನ ಒಂದು ಗಂಟೆಗೆ ಟೆಂಪೋ ಟ್ರಾವೆಲರೊಂದು ಬಂದು ನಿಂತಿತು. ಬೀದಿಗೆ ಬೀದಿಯೇ ಅದರಿಂದ ಇಳಿಯಿತು. ಮಗನನ್ನು ಕಂಡ ಈಶ್ವರಮ್ಮ ಮೆಟ್ಟಿಲಲ್ಲೇ ಕಲ್ಲಾದಳು.

ಪರಮೇಶನ ತಮ್ಮ, ವಿಮಲಕ್ಕನ ಮಗ ಶ್ರೇಯಸ್, ಇನ್ನೂ ಇಬ್ಬರು ಬೆಳಗಿನ ಜಾವ ಬೆಂಗಳೂರಿನಿಂದ ವಿಮಾನ ಹತ್ತಿದ್ದರು, ಅದೇ ತೋಟಕ್ಕೆ. ಮಗ ಇರುವುದು ನೆಮ್ಮದಿಯ ಊರು ಎಂದು ಬೀದಿಗೆಲ್ಲ ಹೇಳಿದ್ದು ಈಶ್ವರಮ್ಮನೇ.

"ಅಣ್ಣ ಇದಾನಲ್ಲ ಅಂತ ಕಳ್ಸಿದೆ ಕಣೋ. ಅಣ್ಣಂಗೆ ಹೇಳ್ಬೇಡ, ಎದುರಿಗೇ ಹೋಗಿ ನಿಲ್ತೀನಿ ಅಂದ ಅವ್ನು."

ಪರಮೇಶ ತಮ್ಮನಿಗೆ ಫೋನ್ ಮಾಡಿದ. ಸ್ವಿಚ್ ಆಫ್. ಆಮೇಲೆ ಅಲ್ಲಿ ನಡೆಯುತ್ತಿರುವುದನ್ನೆಲ್ಲ ಹೇಳಿದ.

"ಹಂಗಾದ್ರೆ ನೀನು ಇಲ್ಲೇನು ಮಾಡ್ತಿದೀಯೋ?" ಅಂದಳು ಈಶ್ವರಮ್ಮ.

ವಿಮಲಕ್ಕ ಒಳಗೆ ಹೋಗಿ ಉಪ್ಪಿನಕಾಯಿ ಬಾಟಲಿ ತಂದು ಪರಮೇಶನ ಕೈಗಿಟ್ಟಳು.

"ಶ್ರೇಯಸ್ ಇದನ್ನ ಬಿಟ್ಟು ಹೋಗ್ಬಿಟ್ಟ. ನೀನು ನಾಳೆನೇ ಹೊರಡ್ತೀಯಲ್ಲ ಮಾರಾಯ, ಕೊಟ್ಬಿಡು."