ಕುಮುದಾ ಹಿಡಿದ ಮೀನು

ಏಳು ಸಮುದ್ರದಾಚೆಯ ರಾಕ್ಷಸನ ಪ್ರಾಣ ಗಿಳಿಯೊಳಗಿದ್ದ ಹಾಗೆ, ರಘುನಾಥನ ಸಂಕಟವೆಲ್ಲ ಒಂದು ಫೋಟೋದೊಳಗಿತ್ತು. ಪರದೇಶದ ಕಾರ್ಲ್‌ಸ್ಟಾಡ್ ವಿಶ್ವವಿದ್ಯಾಲಯದಲ್ಲಿ ಅವನ ಮೇಜಿನ ಮೇಲಿದ್ದ ಫೋಟೋ. ಮಾರಿಷಸ್‌ನ ಒಂದು ಕೆರೆ, ಸುಡುಬಿಸಿಲು, ಅವನ ಕೈಯಲ್ಲಿ ಮೊಳದುದ್ದದ ಬಾಸ್ ಮೀನು. ಉಚ್ಚೆ ಹೊಯ್ಯುತ್ತಿರುವ ಪರರ ಕೂಸನ್ನು ಎತ್ತಿಕೊಂಡವನ ಹಾಗೆ ತೋಳು ಚಾಚಿ, ಕಣ್ಣು ಮುಚ್ಚಿ ನಿಂತಿದ್ದ.

ಈರುಳ್ಳಿಯನ್ನೂ ಅನುಮಾನದಿಂದ ನೋಡುವವನು ಮೀನು ಹಿಡಿದಾನೆಯೇ? ಹಿಡಿದವಳು ಹೆಂಡತಿ ಕುಮುದಾ, ಮಲ್ಪೆಯ ಮೀನುಗಾರರ ಮನೆಯ ಮಗಳು. "ಒಂದ್ ನಿಮಿಷ ಹಿಡ್ಕೊಳ್ರೀ, ಕಚ್ಚಲ್ಲ" ಎಂದು ಅವನ ಕೈಗೆ ತುರುಕಿ, ಕ್ಯಾಮೆರಾ ಹಿಂದೆ ನಿಂತು ನಕ್ಕಿದ್ದಳು. ಆ ಫೋಟೋದಲ್ಲಿ ಕಾಣದವಳು ಅವಳೊಬ್ಬಳೇ. ಈಗ ಅವಳು ಹೋಗಿ ಎರಡು ವರ್ಷ.

ಹೊಸದಾಗಿ ಬಂದ ವಿಭಾಗದ ಮುಖ್ಯಸ್ಥ ಯೋರಾನ್, ಫಿಕಾ ಎಂದು ಅಲ್ಲಿನವರು ಕರೆಯುವ ಬಿಡುವಿನ ಹೊತ್ತಿನ ಕಾಫಿ ಹಿಡಿದು ಬಂದವನು, ಇದನ್ನು ನೀನೇ ಹಿಡಿದೆಯಾ ಎಂದು ಕೇಳಿದ. ರಘುನಾಥ ಹೂಂ ಎಂದುಬಿಟ್ಟ. ಅಲ್ಲ ಎಂದರೆ ಹೆಂಡತಿಯ ಹೆಸರು ಹೇಳಬೇಕು, ಆಮೇಲೆ ಉಳಿದದ್ದನ್ನೂ ಹೇಳಬೇಕು. ಆಗ ಎಲ್ಲರೂ ತಂತಮ್ಮ ಕಪ್ಪಿನೊಳಗೆ ನೋಡುತ್ತ ಕೂರುತ್ತಾರೆ.

ಯೋರಾನ್ ಮೀನು ಹಿಡಿಯುವವರ ಕ್ಲಬ್ಬಿನ ಅಧ್ಯಕ್ಷ. ಆ ಫೋಟೋಗೆ ಕಟ್ಟು ಹಾಕಿಸಿ, ಕೆಳಗೆ 'ಹಿಡಿದವರು: ರಘುನಾಥ' ಎಂದು ಬರೆಸಿ ಕ್ಲಬ್ಬಿನ ಗೋಡೆಗೆ ತೂಗುಹಾಕುತ್ತೇನೆಂದ. ರಘುನಾಥನ ಊಟ ನಿದ್ದೆ ಎರಡೂ ಕೆಟ್ಟವು. ಅವಳಂತೂ ಹೋದಳು, ಇನ್ನು ಅವಳ ಮೀನನ್ನೂ ಕದಿಯುವುದೇ? ಶನಿವಾರ ಯೋರಾನ್‌ನ ದೋಣಿಯಲ್ಲಿ ವೆನೆರ್ನ್ ಸರೋವರಕ್ಕೆ ಹೊರಟಾಗ, ಇವತ್ತು ನಿಜ ಹೇಳಿಯೇ ಬಿಡಬೇಕೆಂದು ಗಟ್ಟಿಮಾಡಿಕೊಂಡ. ಪಕ್ಕದ ಮನೆಯ ಕನ್ನಡಿಗ ಹಮೀದ್, ಅವನ ಹೆಂಡತಿ ಶಾಕಿರಾ ಕೂಡ ಜೊತೆಗಿದ್ದರು. ಹಮೀದ್ ಅದೇ ಕ್ಲಬ್ಬಿನವನು. ರಘುನಾಥನನ್ನು ಎಬ್ಬಿಸಿ ಹೊರಡಿಸಿದ್ದೂ ಅವನೇ.

"ಯೋರಾನ್, ಆ ಮೀನು..." ಎನ್ನುತ್ತ ರಘುನಾಥ ಗಾಳವನ್ನು ಬೀಸಿದ. ಗಾಳ ಯೋರಾನ್‌ನ ಟೋಪಿಯನ್ನು ಎಗರಿಸಿ ನೀರಿಗೆ ಬೀಳಿಸಿತು.

"ಹಮೀದ್, ನಿಜ ಹೇಳ್ಬೇಕಂದ್ರೆ..."

"ಮೊದ್ಲು ಹುಳ ಸಿಕ್ಸಿ ಸಾರ್, ನಿಜ ಆಮೇಲೆ."

ಡಬ್ಬಿಯೊಳಗೆ ಬೆರಳಿಟ್ಟದ್ದೇ ತಡ, ರಘುನಾಥ ಚೀರಿ ಡಬ್ಬಿಯನ್ನೇ ಎಸೆದ. ಹುಳಗಳೆಲ್ಲ ಶಾಕಿರಾ ಆಗಷ್ಟೇ ಮುಚ್ಚಳ ತೆಗೆದ ಪಾತ್ರೆಯೊಳಗೆ ಬಿದ್ದವು.

"ಅಯ್ಯೋ, ನನ್ನ ಪಲಾವ್! ನಿಮಗೋಸ್ಕರ ಅಂತ ವೆಜ್ ಮಾಡಿದ್ದೆ ಸಾರ್!"

"ಇನ್ನು ವೆಜ್ ಅಲ್ಲ ಬಿಡು" ಎಂದ ಹಮೀದ್.

ಹಮೀದ್ ಹುಳ ಸಿಕ್ಕಿಸಿ ಬಿಟ್ಟುಕೊಟ್ಟ ಸ್ವಲ್ಪ ಹೊತ್ತಿಗೇ ರಘುನಾಥನ ಗಾಳದ ಕೋಲು ಬಿಲ್ಲಿನ ಹಾಗೆ ಬಾಗಿತು. ಹಮೀದ್‌ನೇ ಎಳೆದು, ಬಾಸ್‌ಗೆ ದಾಯಾದಿಯಂತಿದ್ದ ಪಟ್ಟೆಪಟ್ಟೆ ಮೀನೊಂದನ್ನು ಬಿಡಿಸಿ ಅವನ ಕೈಗಿಟ್ಟ. ಯೋರಾನ್ ಮೊಬೈಲ್ ಎತ್ತಿ, ಆ ಫೋಟೋದ ಹಾಗೇ ಹಿಡಿ ಎಂದ.

ರಘುನಾಥ ತೋಳು ಚಾಚಿದ. ಕಣ್ಣು ತಾನಾಗಿ ಮುಚ್ಚಿತು. ಅಂಗೈಯಲ್ಲಿ ಅದೇ ತಣ್ಣನೆಯ ಮಿಡುಕು.

"ಕುಮುದಾ, ಬೇಗ ತೆಗಿಯೇ!"

ಕಣ್ಣು ತೆರೆದರೆ, ಮೊಬೈಲಿನ ಹಿಂದೆ ಟೋಪಿಯಿಲ್ಲದ ಯೋರಾನ್ ನಿಂತಿದ್ದ. ಮೀನು ಜಾರಿ ನೀರು ಸೇರಿತು.

ಇನ್ನು ತಡೆಯಲಾಗಲಿಲ್ಲ. ಆ ಮೀನು ತನ್ನದಲ್ಲ, ತೀರಿಹೋದ ಹೆಂಡತಿ ಹಿಡಿದದ್ದು, ಗೋಡೆಯ ಮೇಲೆ ಅವಳ ಹೆಸರು ಬರಲಿ ಎಂದು ರಘುನಾಥ ಇಂಗ್ಲಿಷಿನಲ್ಲಿ ತಡವರಿಸುತ್ತ ಹೇಳಿ ಮುಗಿಸಿದ. ಎರಡು ವರ್ಷದಲ್ಲಿ ಮೊದಲ ಬಾರಿಗೆ ಎದೆ ಹಗುರಾಯಿತು.

ಶಾಕಿರಾ ಕಣ್ಣೊರೆಸಿಕೊಂಡಳು. "ಯಾಕ್ ಸಾರ್ ಹೀಗಂತೀರಿ? ನಮ್ಮನೆಗೆ ಈದ್‌ಗೆ ಬಂದಾಗೆಲ್ಲ ಕುಮುದಕ್ಕ ಅದೇ ಕತೆ ಹೇಳೋರು. 'ನಮ್ಮ ಸಾರು-ಅನ್ನದ ಯಜಮಾನ್ರು ಒಬ್ಬರೇ ಎಳೆದು ಹಾಕಿದ್ರು. ಮಲ್ಪೆಯವಳು ನಾನು ಹೆದ್ರಿ ಮೂಲೇಲಿ ಕೂತಿದ್ದೆ' ಅಂತ. ಹೇಳುವಾಗ ಮುಖ ನೋಡ್ಬೇಕಿತ್ತು ನೀವು!"

"ಆಸ್ಪತ್ರೇಲೂ ಅಂದಿದ್ರು" ಎಂದ ಹಮೀದ್, ತಗ್ಗಿದ ದನಿಯಲ್ಲಿ. "'ಅವ್ರಿಗೆ ಮೀನು ಹಿಡಿಯೋದಂದ್ರೆ ಪ್ರಾಣ. ನಾನು ಹೋದ್ಮೇಲೆ ಒಬ್ಬರೇ ಮನೇಲಿ ಕೂರೋಕೆ ಬಿಡ್ಬೇಡಿ, ಕರ್ಕೊಂಡ್ ಹೋಗಿ' ಅಂತ. ಅದಕ್ಕೇ ಇವತ್ತು ಕರ್ಕೊಂಡ್ ಬಂದಿದ್ದು. ಅಂಥಾ ಹೊತ್ತಲ್ಲಿ ಅವ್ರು ಸುಳ್ಳು ಹೇಳ್ತಾರಾ ಸಾರ್?"

ರಘುನಾಥ ಬಾಯಿ ತೆರೆದ. ಮೀನು ಅವಳದೆಂದರೆ ಅವಳು ಸುಳ್ಳುಗಾತಿಯಾಗುತ್ತಾಳೆ. ನೀರಿನ ಮೇಲೆ ಯೋರಾನ್‌ನ ಟೋಪಿ ನಿಧಾನವಾಗಿ ದೂರ ಹೋಗುತ್ತಿತ್ತು.

"ಇಲ್ಲ" ಎಂದ. "ಅವಳು ಸುಳ್ಳು ಹೇಳೋಳಲ್ಲ. ನಾನೇ ಹಿಡಿದಿದ್ದು."

"ಹಾಗೆ ಬನ್ನಿ! ಇನ್ನು ಪ್ರತಿ ಶನಿವಾರ ತಪ್ಪಿಸ್ಬಾರ್ದು" ಎನ್ನುತ್ತ ಹಮೀದ್ ಪಲಾವಿನಿಂದ ಒಂದು ಹುಳವನ್ನು ಆರಿಸಿ ಕೊಟ್ಟ.

ರಘುನಾಥ ತೋಳು ಚಾಚಿ, ಕಣ್ಣು ಮುಚ್ಚಿಕೊಂಡು ಅದನ್ನು ಹಿಡಿದ.