ದೊಡ್ಡಪ್ಪನ ಕಿವಿ ಮತ್ತು ಮೂರನೆಯ ಬೇರಿಂಗು

ನಮ್ಮ ದೊಡ್ಡಪ್ಪ ಕಿವುಡರಾಗಿದ್ದರೆಂದು ಯಾರಾದರೂ ಹೇಳಿದರೆ ನಂಬಬೇಡಿ! ಅಡುಗೆಮನೆಯಿಂದ ದೊಡ್ಡಮ್ಮ ಹತ್ತು ಸಲ ಕೂಗಿದರೂ ಅವರಿಗೆ ಕೇಳಿಸುತ್ತಿರಲಿಲ್ಲ, ನಿಜ. ಆದರೆ ಮೂರು ಗಲ್ಲಿ ಆಚೆ ಯಾವುದೋ ಟ್ಯಾಕ್ಸಿ ಕೆಮ್ಮಿದರೆ ಸಾಕು, ಊಟದ ಎಲೆಯ ಮುಂದೆ ಕೂತಲ್ಲಿಂದಲೇ ಅದರ ರೋಗ, ಆಯುಸ್ಸು ಎಲ್ಲ ಹೇಳಿಬಿಡುತ್ತಿದ್ದರು. "ಅದರ ಬೇರಿಂಗ್ ಹೋಯ್ತು ಮಾರಾಯ. ಇನ್ನು ಎಂಟೇ ದಿನ." ಎಂಟು ದಿನ ಕಳೆದ ಮೇಲೂ ಆ ಟ್ಯಾಕ್ಸಿ ಓಡಾಡುತ್ತಿದ್ದರೆ ಅದು ಟ್ಯಾಕ್ಸಿಯ ಮೊಂಡುತನ, ದೊಡ್ಡಪ್ಪನ ತಪ್ಪಲ್ಲ.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿದ್ದ ಕಾಲ. ದಾದರ್ ಸ್ಟೇಷನ್ನಿನ ಬಳಿ ಅವರದೊಂದು ಸಣ್ಣ ಹೋಟೆಲು. ನಾನು ಕಾಲೇಜು ಓದಲೆಂದು ಬಂದು ಚಾಳೆಂಬ ವಠಾರದ ಅವರ ಮನೆಯಲ್ಲೇ ಇದ್ದೆ. ಪಾರ್ಸಿ ಮುದುಕರೊಬ್ಬರಿಂದ ಅವರು ಒಂದು ಹಳೆಯ ಕಾರು ಕೊಂಡಿದ್ದರು. ಕೊಂಡದ್ದು ಓಡಿಸಲಿಕ್ಕೋ, ಅದರ ಸದ್ದು ಕೇಳಲಿಕ್ಕೋ? ಇಂದಿಗೂ ನನಗೆ ತಿಳಿಯದು.

ಆ ವರ್ಷ ಅವರ ಒಬ್ಬಳೇ ಮಗಳು ಸರೋಜಕ್ಕ, ಮದುವೆಯಾದ ಮೊದಲ ಆಷಾಢವೆಂದು ತವರಿಗೆ ಬಂದಿದ್ದಳು. ಗಂಡನ ಮನೆ ಎಲ್ಲಿ? ಆಫ್ರಿಕದಲ್ಲೇನಲ್ಲ, ಅಂಧೇರಿಯಲ್ಲಿ! ಲೋಕಲ್ ಹತ್ತಿದರೆ ಬಾಯಲ್ಲಿನ ಎಲೆಯಡಿಕೆ ಮುಗಿಯುವುದರೊಳಗೆ ಇಳಿಯಬಹುದು. ಆದರೆ ದೊಡ್ಡಪ್ಪ, "ನನ್ನ ಮಗಳು ಆ ನೂಕುನುಗ್ಗಲಲ್ಲಿ ಹೋಗುವುದೆಂತದ್ದು? ಆಷಾಢ ಮುಗಿಯಲಿ, ನಮ್ಮ ಕಾರಿನಲ್ಲೇ ಬಿಟ್ಟು ಬರ್ತೇನೆ" ಎಂದು ಬೀಗರಿಗೆ ಮಾತು ಕೊಟ್ಟರು. ಶ್ರಾವಣ ಹುಟ್ಟಿದ ದಿನವೇ ಕಾರಿನ ಹೊಟ್ಟೆಯೊಳಗೆ ಟಕ್ ಟಕ್ ಶುರುವಾಯಿತು.

ದೊಡ್ಡಪ್ಪ ದೊಡ್ಡಮ್ಮನ ಕಡೆಗೋಲು ತಂದರು. ಹಿಡಿಯ ತುದಿಯನ್ನು ಇಂಜಿನಿಗೆ ಒತ್ತಿ, ಮಜ್ಜಿಗೆ ಕಡೆಯುವ ತುದಿಯನ್ನು ಕಿವಿಗಿಟ್ಟು ಕಣ್ಣು ಮುಚ್ಚಿದರು. ಚಾಳಿನ ಅರ್ಧ ಜನ ಉಸಿರು ಬಿಗಿಹಿಡಿದು ಸುತ್ತ ನಿಂತರು. ಆಮೇಲೆ ಪ್ಲಗ್ಗಿನ ವಯರುಗಳನ್ನು ಒಂದೊಂದಾಗಿ ತೆಗೆಸಿದರು. ಮೂರನೆಯದನ್ನು ತೆಗೆದಾಗ ಸದ್ದು ಅಡಗಿತು. "ಮೂರನೆಯ ಸಿಲಿಂಡರಿನ ಬೇರಿಂಗ್!" ಎಂದು ತೀರ್ಪಾಯಿತು. ಗ್ಯಾರೇಜಿನ ಮಿಸ್ತ್ರಿ ಬಂದು ಅಡಿಯ ತಟ್ಟೆ ಬಿಚ್ಚಿದರೆ ಹೌದು, ಎಣ್ಣೆಯ ತುಂಬ ಬೇರಿಂಗಿನ ಬಿಳಿಲೋಹದ ಚೂರುಗಳು! ನಾವೆಲ್ಲ ಬೆರಗಾದೆವು. ದೊಡ್ಡಮ್ಮ ಮಾತ್ರ, "ನಾಳೆ ಮಜ್ಜಿಗೆಗೆ ಪೆಟ್ರೋಲ್ ವಾಸನೆ ಬಂದರೆ ಅದಕ್ಕೂ ಈ ಮಿಸ್ತ್ರಿಯನ್ನೇ ಕರೆಯಿರಿ" ಎಂದರು.

ಲೋಹ ಕರಗಿಸಿ ಹೊಸ ಬೇರಿಂಗು ಎರಕ ಹೊಯ್ದದ್ದಾಯಿತು. ಇನ್ನು ಅದನ್ನು ಕೈಯಿಂದ ಹೆರೆದು ಕೂರಿಸಬೇಕು. ಅದರೊಳಗೆ ತಿರುಗುವ ದಂಡಕ್ಕೆ ಬಣ್ಣ ಹಚ್ಚಿ, ಕೂರಿಸಿ, ತಿರುಗಿಸಿ, ತೆಗೆದು ನೋಡಬೇಕಂತೆ. ಬಣ್ಣ ಹತ್ತಿದ ಕಡೆ ಉಬ್ಬಿದೆಯೆಂದು ಹೆರೆಯಬೇಕಂತೆ. ಮಿಸ್ತ್ರಿಯ ಬಣ್ಣ ತೀರ ದಪ್ಪವೆಂದು ದೊಡ್ಡಪ್ಪನಿಗೆ ಹಿಡಿಸಲಿಲ್ಲ. ಸರೋಜಕ್ಕ ಮನೆಯ ಕುಂಕುಮವನ್ನೇ ತೆಂಗಿನೆಣ್ಣೆಯಲ್ಲಿ ಕಲಸಿ ಕಲಸಿ ಕೊಟ್ಟಳು. ಹಚ್ಚು, ತಿರುಗಿಸು, ತೆಗೆ, ಹೆರೆ! ಶ್ರಾವಣ ಶುಕ್ರವಾರ ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರು ಖಾಲಿ ಭರಣಿ ನೋಡಿ, "ಈ ಮನೆಯಲ್ಲಿ ಕಾರೇ ದೊಡ್ಡ ಮುತ್ತೈದೆ" ಎಂದು ಗೊಣಗಿಕೊಂಡು ಹೋದರು.

ಅಂತೂ ಮಿಸ್ತ್ರಿ ಇಂಜಿನು ಚಾಲೂ ಮಾಡಿದ. ಟಕ್ ಟಕ್ ಇಲ್ಲವೇ ಇಲ್ಲ. "ಏಕ್‌ದಮ್ ಠೀಕ್ ಹೈ, ಸೇಠ್!" ದೊಡ್ಡಪ್ಪ ಕಡೆಗೋಲಿಟ್ಟು ಕೇಳಿ, "ಇಲ್ಲ, ಬಿಚ್ಚು" ಎಂದರು. ಬಿಚ್ಚಿದ, ಹೆರೆದ, ಕೂರಿಸಿದ. "ಠೀಕ್ ಹೈ, ಸೇಠ್." "ಬಿಚ್ಚು!" ಶ್ರಾವಣ ಹೋಯಿತು, ಚೌತಿಯೂ ಹೋಯಿತು. ಅಳಿಯ ಪ್ರತಿ ಆದಿತ್ಯವಾರ ಲೋಕಲ್ಲಿನಲ್ಲಿ ಬಂದು ಹೋಳಿಗೆ ತಿಂದು, ಹೆಂಡತಿಯ ಮುಖ ನೋಡಿ, ಇಂಜಿನಿನ ಯೋಗಕ್ಷೇಮ ವಿಚಾರಿಸಿ, ಒಬ್ಬನೇ ಮರಳುತ್ತಿದ್ದ. ಪಾಪ! ಒಂದು ದಿನ ಮಿಸ್ತ್ರಿ ನನ್ನನ್ನು ಬದಿಗೆ ಕರೆದು, "ಆವಾಜ್ ಗಾಡೀ ಮೆ ನಹೀ ಹೈ, ಭಾಯ್" ಎಂದು ತನ್ನ ಹಣೆ ತಟ್ಟಿ ತೋರಿಸಿದ. ಸದ್ದು ಇರುವುದು ಗಾಡಿಯಲ್ಲಲ್ಲ, ಸೇಠರ ತಲೆಯಲ್ಲಿ ಎಂದರ್ಥ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಚಾಳಿನಲ್ಲೆಲ್ಲ ಹೇಳಿ ನಗಿಸಿದೆ ಕೂಡ.

ಕೊನೆಗೆ ಬೀಗರ ಕಾಗದ ಬಂತು: ದಸರೆಯೊಳಗೆ ಸೊಸೆ ಬಾರದಿದ್ದರೆ ತಾವೇ ಬಂದು ಕರೆದೊಯ್ಯುವುದಾಗಿ, ಅದೂ ಲೋಕಲ್ಲಿನಲ್ಲಿ! ಇದಕ್ಕಿಂತ ದೊಡ್ಡ ಬೆದರಿಕೆ ಉಂಟೇ?

ನವರಾತ್ರಿಯ ಆದಿತ್ಯವಾರ ಬೆಳಗ್ಗೆ ಹೊರಟೆವು. ದೊಡ್ಡಮ್ಮ ಮಗಳ ಮಡಿಲು ತುಂಬಿ ಕಣ್ಣೊರೆಸಿಕೊಂಡರು. ಅಳಿಯ ಮುಂದೆ, ಸರೋಜಕ್ಕ ಮತ್ತು ನಾನು ಹಿಂದೆ ಕೂತೆವು. ದೊಡ್ಡಪ್ಪ ಇಂಜಿನು ಚಾಲೂ ಮಾಡಿದರು. ಎಷ್ಟು ನುಣುಪಾಗಿತ್ತೆಂದರೆ ಚಾಲೂ ಆದದ್ದೇ ನಮಗೆ ತಿಳಿಯಲಿಲ್ಲ. ಇನ್ನೇನು 'ಬಿಚ್ಚು' ಎನ್ನುತ್ತಾರೆಂದು ನಾನು ನಗು ತಡೆದು ಕಾಯುತ್ತಿದ್ದೆ.

ಪಕ್ಕದಿಂದ ಸರೋಜಕ್ಕ ಮೆಲ್ಲನೆ ಅಂದಳು, "ಅಪ್ಪಾ, ಇನ್ನೂ ಸದ್ದು ಬರ್ತದೆ. ಇನ್ನೊಂದು ಸಲ ಬಿಚ್ಚಿ ನೋಡುವ."

ದೊಡ್ಡಪ್ಪ ತಿರುಗಿ ನೋಡಲಿಲ್ಲ. ಗೇರು ಹಾಕುತ್ತ, "ಇಲ್ಲ ಮಗಾ, ಸದ್ದೆಲ್ಲ ಹೋಗಿದೆ. ಇಂಜಿನ್ ಸರಿ ಉಂಟು" ಎಂದರು.

ಯಾವ ಇಂಜಿನಿನ ಬಗ್ಗೆಯಾದರೂ ಆ ಮಾತು ಅವರ ಬಾಯಿಂದ ನಾನು ಕೇಳಿದ್ದು ಅದೊಂದೇ ಸಲ. ಎರಡು ತಿಂಗಳು ಆ ಮನುಷ್ಯನನ್ನು ಗೇಲಿ ಮಾಡಿದ್ದಕ್ಕೆ ನನಗೆ ಎಷ್ಟು ನಾಚಿಕೆಯಾಯಿತೆಂದರೆ ತಲೆಯೆತ್ತಲಾಗಲಿಲ್ಲ. ಅಂಧೇರಿಯ ದಾರಿಯುದ್ದಕ್ಕೂ ಎತ್ತಿನ ಗಾಡಿಗಳು ಕೂಡ ನಮ್ಮನ್ನು ಹಿಂದೆ ಹಾಕಿ ಹೋದವು. ಸ್ವಲ್ಪ ಬೇಗ ಹೋಗಿ ಎಂದು ಯಾರೂ ಹೇಳಲಿಲ್ಲ, ಅಳಿಯ ಕೂಡ.