ನೆಲಕ್ಕೆ ಕೂಗು ಹಾಕುವ ಡ್ರೋನ್

ಆಕಾಶದಿಂದ ನೆಲಕ್ಕೆ ಕೂಗು ಹಾಕಿ, ‘ಒಳಗೇನೈತಿ?’ ಎಂದು ಕೇಳುವ ಕೆಲಸ ನಮ್ಮದು. ಇಂಥ ಕೆಲಸ ಹಿಡಿದವರಿಗೆ ನಗುವ ಪ್ರಸಂಗಗಳು ಹುಡುಕದೆಯೇ ಸಿಗುತ್ತವೆ. ಡ್ರೋನಿಗೆ ಸ್ಪೀಕರ್ ಕಟ್ಟಿ ಹಾರಿಸುತ್ತೇವೆ. ಅದರ ಸದ್ದಿಗೆ ನೆಲ ಕಣ್ಣಿಗೆ ಕಾಣದಷ್ಟು ನಡುಗುತ್ತದೆ. ನೆಲದ ಮೇಲ್ಪದರದಲ್ಲಿ ಏನಾದರೂ ಹೂತಿದ್ದರೆ ಅಲ್ಲಿನ ನಡುಕವೇ ಬೇರೆ. ದೂರದಲ್ಲಿಟ್ಟ ಲೇಸರ್ ಯಂತ್ರ ಅದನ್ನು ಹಿಡಿಯುತ್ತದೆ. ಇನ್ನೂ ಪ್ರಯೋಗದ ಹಂತ. ಹಾಗಾಗಿ ಊರೂರು ಅಲೆದಾಟ.

೧. ಹೊಟ್ಟಿನೋವು

ಗುಡೇಕೋಟೆಯ ಬಯಲಲ್ಲಿ ಡ್ರೋನ್ ಮೇಲೇರಿ ‘ಊಂ... ಊಂ...’ ಎಂದು ಶುರುಮಾಡಿತು. ಕುರಿ ಕಾಯುತ್ತಿದ್ದ ಅಜ್ಜ ಹತ್ತಿರ ಬಂದ.

“ಯಾಕ್ರಿ, ಹಂಗ ನರಳಾಕ ಹತ್ತೈತಿ?”

“ಭೂಮಿ ಒಳಗ ಏನೈತಿ ಅಂತ ನೋಡ್ತೈತಜ್ಜ.”

ಅಜ್ಜ ಇನ್ನೊಂದಿಷ್ಟು ಹೊತ್ತು ಕಿವಿಗೊಟ್ಟು ಕೇಳಿದ. ನಂಬಲಿಲ್ಲ. ಹೆಗಲ ಚೀಲದಿಂದ ಸಣ್ಣ ಗಂಟು ತೆಗೆದು ನನ್ನ ಕೈಗಿಟ್ಟ.

“ಓಂಕಾಳು. ಕೆಳಗ ಇಳದ ಮ್ಯಾಲೆ ತಿನಸ್ರಿ. ನಮ್ಮ ಟಗರಿಗೂ ಹಿಂಗ ಆಗಿತ್ತು.”

೨. ಪರೀಕ್ಷೆ

ಇಟ್ಟಿಗಿ ಊರಿನ ರೈತರೊಬ್ಬರಿಗೆ ತಮ್ಮ ಹೊಲದ ನೀರಿನ ಪೈಪು ಎಲ್ಲಿ ಹಾದುಹೋಗಿದೆ ಎಂಬುದೇ ಮರೆತಿತ್ತು. ನಾವು ಹಾರಿಸಿ, ಸುಣ್ಣದಲ್ಲಿ ಗೆರೆ ಎಳೆದು ತೋರಿಸಿದೆವು. “ಖರೇನ?” ಎಂದವರೇ ಗೆರೆಯ ಮೇಲೆ ಗುದ್ದಲಿ ಬೀಸಿದರು. ನೀರು ಆಳೆತ್ತರ ಚಿಮ್ಮಿತು.

ತೊಯ್ದು ತೊಪ್ಪೆಯಾಗಿ ನಿಂತು ಅವರೆಂದರು: “ಭಾರಿ ಐತ್ರಿ ನಿಮ್ಮ ಮಿಷನ್ನು! ಈ ತೂತು ಮುಚ್ಚೋ ಮಿಷನ್ನೂ ಐತೇನ್ರಿ?”

೩. ಭಾರದ ಕಳವು

ಕೊಟ್ಟೂರಿನಲ್ಲಿ ನಮಗೆ ಕೋಣೆ ಕೊಟ್ಟವರು ವಯಸ್ಸಾದ ಗಂಡ ಹೆಂಡತಿ. ಅಜ್ಜಿಯ ತವರಿನ ಬೀಸೋಕಲ್ಲು ಎಷ್ಟೋ ವರ್ಷದ ಹಿಂದೆ ಕಳುವಾಗಿತ್ತಂತೆ. ಪಕ್ಕದ ಮನೆಯಾಕೆಯ ಮೇಲೆ ಗುಮಾನಿ. ಅಂದಿನಿಂದ ಆಕೆಗೂ ಅಜ್ಜಿಗೂ ಮಾತಿಲ್ಲ.

ಒಂದು ಬೆಳಿಗ್ಗೆ ಹಿತ್ತಿಲಲ್ಲಿ ಡ್ರೋನ್ ಪರೀಕ್ಷೆಗೆ ಅಜ್ಜಿಯ ಅಪ್ಪಣೆ ಕೇಳಿದೆವು. ಅಜ್ಜಿ ಒಪ್ಪಿದರು. ಅಜ್ಜನಿಗೆ ಮಾತ್ರ ಗಾಬರಿ: “ಅಲ್ಲಿ ಬ್ಯಾಡ್ರಿ, ಹಾವು ಅದಾವ!”

ಹಾವು ಕಾಣಲಿಲ್ಲ. ಬೇವಿನ ಗಿಡದ ಬುಡದಲ್ಲಿ ನಡುಕ ಬೇರೆಯಾಗಿ ಕಂಡಿತು. ಅಗೆದರೆ ದುಂಡನೆಯ ಬೀಸೋಕಲ್ಲು, ಗೂಟದ ಸಮೇತ!

“ಕಳ್ಳರು ಒಯ್ದಾರ ಅಂದಿದ್ರಲ್ಲ?” ಎಂದು ಅಜ್ಜಿ ಗಂಡನ ಕಡೆ ತಿರುಗಿದರು.

“ಭಾರ ಆಗಿರಬೇಕು. ಇಲ್ಲೇ ಹೂತು ಹೋಗ್ಯಾರ.”

ಅಜ್ಜಿ ನೋಡುತ್ತಲೇ ನಿಂತರು. ಅಜ್ಜ ತಲೆ ತಗ್ಗಿಸಿದರು. “ನಸುಕಿನಾಗ ನೀ ಬೀಸೋ ಸದ್ದಿಗೆ ನಿದ್ದಿ ಹಾಳಾಗ್ತಿತ್ತಲೇ...”

ಅಜ್ಜಿ ಸೀದಾ ಗೋಡೆಯ ಬಳಿ ಹೋಗಿ, ಪಕ್ಕದ ಮನೆಯಾಕೆಯನ್ನು ಕೂಗಿದರು.

“ತಂಗೀ, ತಪ್ಪಾತವ್ವ. ಕಳ್ಳ ನಮ್ಮನ್ಯಾಗ ಅದಾನ. ನಾಳಿಂದ ಜ್ವಾಳ ಬೀಸೋ ಕೆಲಸ ಆ ಕಳ್ಳಂದು!”

ಗೋಡೆಯಾಚೆಯಿಂದ ದನಿ ಬಂತು:

“ಹಂಗಾರ ಅಕ್ಕಾ, ನಮ್ಮನಿ ಜ್ವಾಳಾನೂ ಕಳಸ್ತೀನಿ!”